ಸೂಜಿಗಿಂತ ಮುಂಚೆ ಬರುವ ನೋವು

ಲಸಿಕೆ ಹಾಕಿಸಲು ಮಕ್ಕಳನ್ನು ಕರೆದುಕೊಂಡು ಹೋದವರಿಗೆಲ್ಲ ಇದು ಗೊತ್ತು. ಆಸ್ಪತ್ರೆಯ ಬಾಗಿಲಲ್ಲೇ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯುತ್ತದೆ, ಮಗುವಿನ ಮುಖ ಸಪ್ಪಗಾಗುತ್ತದೆ. ನರ್ಸಮ್ಮ ಹತ್ತಿಯಿಂದ ತೋಳು ಒರೆಸುವಷ್ಟರಲ್ಲಿ ಕಿರುಚಾಟ ಕಾರಿಡಾರಿನ ಆ ತುದಿಗೆ ಮುಟ್ಟಿರುತ್ತದೆ. ಸೂಜಿ ಇನ್ನೂ ಟ್ರೇಯಲ್ಲೇ ಇದೆ. ಇದೇ ಮಗು ಮೊನ್ನೆ ಸಂಜೆ ಕಬಡ್ಡಿ ಆಡುತ್ತ ಮೊಣಕಾಲು ತರಚಿಕೊಂಡು, ರಕ್ತ ಸೋರುತ್ತಿದ್ದರೂ ಆಟ ಮುಗಿಯುವವರೆಗೆ ಆಡಿತ್ತು. ಮನೆಗೆ ಬಂದಾಗ ಅಜ್ಜಿ "ಅಯ್ಯೋ, ಇದೇನೋ ರಕ್ತ!" ಎಂದ ಮೇಲೆ ಅಳು ಶುರುವಾಯಿತು.

ಒಂದು ಕಡೆ ಗಾಯವಿಲ್ಲದೆ ನೋವು. ಇನ್ನೊಂದು ಕಡೆ ನೋವಿಲ್ಲದೆ ಗಾಯ. ಹಾಗಾದರೆ ನೋವು ಎಲ್ಲಿಂದ ಬರುತ್ತದೆ?

ಇದಕ್ಕೇ ಸೇರಿಸಿ ನೋಡಬೇಕಾದ ಇನ್ನೊಂದು ಸಂಗತಿ, ಸೋಮವಾರ ಬೆಳಗಿನ ಹೊಟ್ಟೆನೋವು. ಶಾಲೆಯ ವ್ಯಾನ್ ಬರುವ ಹೊತ್ತಿಗೆ ಕಿಬ್ಬೊಟ್ಟೆ ಹಿಡಿದುಕೊಂಡು ಕೂರುವ ಮಗುವಿಗೆ ಸ್ಕ್ಯಾನ್ ಆಗಿದೆ, ರಕ್ತಪರೀಕ್ಷೆ ಆಗಿದೆ, ಎಲ್ಲವೂ ನಾರ್ಮಲ್. ಬೇಸಿಗೆ ರಜೆಯಲ್ಲಿ ಒಂದು ದಿನವೂ ನೋವಿಲ್ಲ. ಮನೆಯಲ್ಲಿ ತೀರ್ಪು ತಯಾರು: "ಎಲ್ಲಾ ನಾಟಕ." ಆದರೆ ಆ ಮಗುವಿನ ಅಂಗೈ ಮುಟ್ಟಿ ನೋಡಿ, ತಣ್ಣಗೆ ಬೆವತಿರುತ್ತದೆ. ನಾಡಿ ಹಿಡಿದರೆ ಓಡುತ್ತಿರುತ್ತದೆ. ಏಳು ವರ್ಷದ ಮಗು ಬೇಕೆಂದಾಗ ಅಂಗೈ ಬೆವರಿಸಿ ನಾಟಕವಾಡಲಾರದು. ನೋವು ನಿಜ. ಅದರ ಕಾರಣ ಮಾತ್ರ ಸ್ಕ್ಯಾನಿನಲ್ಲಿ ಕಾಣುವ ಜಾಗದಲ್ಲಿಲ್ಲ.

ಮಕ್ಕಳ ಇಂಥ ಆತಂಕಕ್ಕೆ, ಅದರಿಂದ ಹುಟ್ಟುವ ಹಠ-ರಂಪಾಟಗಳಿಗೆ ಕೆಲವು ವೈದ್ಯರು ಸಮ್ಮೋಹನ ಚಿಕಿತ್ಸೆ ಬಳಸುತ್ತಾರೆ. ಹಿಪ್ನೋಥೆರಪಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜಾದೂಗಾರನ ವೇದಿಕೆ, ಸಿನಿಮಾದಲ್ಲಿ ತೂಗಾಡುವ ಗಡಿಯಾರ. ಅದನ್ನೆಲ್ಲ ಬದಿಗಿಟ್ಟು, ಇದು ನಿಜಕ್ಕೂ ಏನು ಮಾಡುತ್ತದೆಂದು ನೋಡಬೇಕಾದರೆ ಮೊದಲು ಫ್ರಾನ್ಸಿನ ಒಂದು ಹಣ್ಣಿನ ತೋಟಕ್ಕೆ ಹೋಗಬೇಕು.

ನಾಲ್ಕನೆಯ ಮರದ ಕೆಳಗೆ

ಅದು 1784ರ ಪ್ಯಾರಿಸ್. ವಿಯೆನ್ನಾದಿಂದ ಬಂದು ನೆಲೆಸಿದ್ದ ಫ್ರಾಂಟ್ಸ್ ಆಂಟನ್ ಮೆಸ್ಮರ್ ಎಂಬ ವೈದ್ಯನದೇ ಊರೆಲ್ಲ ಮಾತು. ಕಣ್ಣಿಗೆ ಕಾಣದ ಕಾಂತದ್ರವವೊಂದು ಲೋಕವನ್ನೆಲ್ಲ ತುಂಬಿದೆ, ದೇಹದಲ್ಲಿ ಅದರ ಹರಿವು ತಪ್ಪಿದರೆ ಕಾಯಿಲೆ, ಅದನ್ನು ಸರಿಪಡಿಸುವ ಶಕ್ತಿ ತನಗಿದೆ ಎನ್ನುವುದು ಅವನ ವಾದ. ಅವನ ಕೈ ಸೋಕಿದರೆ ಜನ ನಡುಗುತ್ತಿದ್ದರು, ಪ್ರಜ್ಞೆ ತಪ್ಪಿ ಬೀಳುತ್ತಿದ್ದರು, ಎದ್ದು ಗುಣವಾಯಿತು ಎನ್ನುತ್ತಿದ್ದರು. ದೊರೆ 16ನೇ ಲೂಯಿ ಇದನ್ನು ಪರೀಕ್ಷಿಸಲು ಸಮಿತಿ ನೇಮಿಸಿದ. ಅದರಲ್ಲಿ ರಸಾಯನಶಾಸ್ತ್ರಜ್ಞ ಲವಾಸಿಯೆ ಇದ್ದ. ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನ ಅಂಚಿನ ಪಾಸಿಯಲ್ಲಿ ವಾಸಿಸುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಇದ್ದ.

ಫ್ರಾಂಕ್ಲಿನ್‌ನ ತೋಟದಲ್ಲೇ ಒಂದು ಪರೀಕ್ಷೆ ನಡೆಯಿತು. ಮೆಸ್ಮರನ ಶಿಷ್ಯ ಡೆಸ್ಲೋನ್ ಒಂದು ಅಪ್ರಿಕಾಟ್ ಮರಕ್ಕೆ ಕಾಂತಶಕ್ತಿ ತುಂಬಿದ. ಇಂಥ ಶಕ್ತಿಗೆ ಬೇಗ ಸ್ಪಂದಿಸುವವನೆಂದು ಅವನೇ ಆರಿಸಿ ತಂದಿದ್ದ ಸುಮಾರು 12 ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದಾದ ಮೇಲೊಂದು ಮರದ ಬಳಿಗೆ ಕರೆದೊಯ್ದರು. ಮೊದಲನೆಯದರ ಹತ್ತಿರವೇ ಹುಡುಗ ಬೆವರಿದ, ಕೆಮ್ಮಿದ. ಎರಡನೆಯದರಲ್ಲಿ ತಲೆನೋವು, ಮಂಕು. ಮೂರನೆಯದರಲ್ಲಿ ಅದೇ ಇನ್ನೂ ಜೋರು. ನಾಲ್ಕನೆಯ ಮರದ ಕೆಳಗೆ ಕೈಕಾಲು ಸೆಟೆದು ಬಿದ್ದೇಬಿಟ್ಟ. ಆ ನಾಲ್ಕರಲ್ಲಿ ಒಂದೂ ಡೆಸ್ಲೋನನ ಮರವಲ್ಲ. ಅಪ್ರಿಕಾಟ್ ಮರದವರೆಗೆ ಹುಡುಗ ಹೋಗಲೇ ಇಲ್ಲ.

ಕಾಂತದ್ರವ ಇಲ್ಲ, ಇದೆಲ್ಲ ಕಲ್ಪನೆಯ ಕೆಲಸ ಎಂದು ಸಮಿತಿ ಬರೆಯಿತು. ಮೆಸ್ಮರನ ಮಾನ ಹೋಯಿತು. ಸಮಿತಿಯ ತೀರ್ಪು ಸರಿಯಾಗಿಯೇ ಇತ್ತು, ಆದರೆ "ಬರೀ ಕಲ್ಪನೆ" ಎಂದು ತಳ್ಳಿಹಾಕಿದ್ದು ಆತುರವಾಯಿತು ಎಂದು ನನಗೆ ಅನ್ನಿಸುತ್ತದೆ. ಬರೀ ಕಲ್ಪನೆ 12 ವರ್ಷದ ಹುಡುಗನ ಕೈಕಾಲು ಸೆಟೆಸುತ್ತದೆ, ಬೆವರಿಳಿಸುತ್ತದೆ, ಎಚ್ಚರ ತಪ್ಪಿಸುತ್ತದೆ ಎಂದಾದರೆ ಅದು ಸಣ್ಣ ಶಕ್ತಿಯೇನಲ್ಲ. ಕಲ್ಪನೆಯ ವೈದ್ಯವೇ ಒಳ್ಳೆಯದಾದರೆ ಅದನ್ನೇ ಯಾಕೆ ಮಾಡಬಾರದು ಎಂದು ಡೆಸ್ಲೋನ್ ಅದಕ್ಕೂ ಮೊದಲೇ ಕೇಳಿದ್ದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1843ರಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ತನ್ನ ಪುಸ್ತಕದಲ್ಲಿ, ದ್ರವವನ್ನೂ ದೈವವನ್ನೂ ಬಿಟ್ಟು, ಇದು ಗಮನ ಒಂದೇ ಕಡೆ ನೆಟ್ಟಾಗ ನರಮಂಡಲದಲ್ಲಿ ಆಗುವ ಬದಲಾವಣೆ ಎಂದು ವಾದಿಸಿದ. ಹಿಪ್ನಾಟಿಸಮ್ ಎಂಬ ಹೆಸರು ಬಳಕೆಗೆ ಬಂದದ್ದು ಅವನಿಂದ.

ಮಿದುಳು ಕಾಯುವುದಿಲ್ಲ

ಎಳೆ ಮಾವಿನಕಾಯಿ, ಉಪ್ಪು, ಖಾರದಪುಡಿ. ಓದುತ್ತಿದ್ದ ಹಾಗೆ ನಾಲಗೆಯ ಬುಡದಲ್ಲಿ ನೀರೂರಿರಬೇಕು. ಮುಂದೆ ಮಾವಿನಕಾಯಿ ಇಲ್ಲ, ಅಚ್ಚಿನ ಅಕ್ಷರ ಮಾತ್ರ ಇದೆ. ಆದರೂ ಜೊಲ್ಲಿನ ಗ್ರಂಥಿಗಳು ಕೆಲಸ ಶುರುಮಾಡಿದವು.

ಮಿದುಳು ಸುದ್ದಿ ಬರಲಿ, ಆಮೇಲೆ ನೋಡೋಣ ಎಂದು ಕೂರುವ ಪೈಕಿಯಲ್ಲ. ಮುಂದೆ ಏನು ಬರಲಿದೆ ಎಂದು ಸದಾ ಲೆಕ್ಕ ಹಾಕುತ್ತ, ಅದಕ್ಕೆ ತಕ್ಕಂತೆ ದೇಹವನ್ನು ಮೊದಲೇ ಅಣಿಮಾಡುತ್ತದೆ. ಇದನ್ನು ಮುನ್ನೂಹೆ ಎನ್ನೋಣ. ಮುನ್ನೂಹೆಗೆ ಬೇಕಾದ ಸಾಮಗ್ರಿ ಹಳೆಯ ನೆನಪಿನಿಂದ ಬರುತ್ತದೆ, ದೊಡ್ಡವರ ಮಾತಿನಿಂದ, ಅವರ ಮುಖಭಾವದಿಂದ ಬರುತ್ತದೆ, ಮನಸ್ಸಿನಲ್ಲಿ ಮೂಡುವ ಚಿತ್ರದಿಂದಲೂ ಬರುತ್ತದೆ. ಕಣ್ಣಿನಿಂದ ನೋಡುವಾಗ ಮಿದುಳಿನ ಯಾವ ಭಾಗಗಳು ದುಡಿಯುತ್ತವೋ, ಮನಸ್ಸಿನಲ್ಲೇ ಚಿತ್ರ ಕಟ್ಟುವಾಗಲೂ ಬಹುಮಟ್ಟಿಗೆ ಅವೇ ದುಡಿಯುತ್ತವೆ. ಅಪಾಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ನಿಜವಾದ ಹಾವಿಗೆ ಎಚ್ಚೆತ್ತುಕೊಳ್ಳುವ ಹಾಗೆಯೇ ಮನಸ್ಸಿನಲ್ಲಿ ಸ್ಪಷ್ಟವಾಗಿ ಮೂಡಿದ ಹಾವಿಗೂ ಎಚ್ಚೆತ್ತುಕೊಳ್ಳಬಲ್ಲದು. ಅದು ಎಚ್ಚೆತ್ತರೆ ಎದೆ ಬಡಿತ ಏರುತ್ತದೆ, ಕರುಳು ಹಿಂಡಿದಂತಾಗುತ್ತದೆ, ಚರ್ಮ ಚುರುಕಾಗುತ್ತದೆ. ಹೀಗೆ ಚುರುಕಾದ ಚರ್ಮಕ್ಕೆ ಬರೀ ಹತ್ತಿಯೂ ಚುಚ್ಚಿದಂತೆಯೇ.

ಮುನ್ನೂಹೆಯ ಜೊತೆಗೆ ಕೆಲಸ ಮಾಡುವ ಇನ್ನೊಂದು ಶಕ್ತಿ ಗಮನ. ತೋಟಕ್ಕೆ ನೀರು ಕಟ್ಟುವವರು ಒಂದು ಸಾಲಿನ ಮಡೆ ಮುಚ್ಚಿ ಇನ್ನೊಂದರ ಮಡೆ ಬಿಡಿಸುತ್ತಾರೆ. ಬಾವಿಯ ನೀರು ಅಷ್ಟೇ ಇರುತ್ತದೆ, ಹರಿಯುವ ಸಾಲು ಬೇರೆಯಾಗುತ್ತದೆ. ಕಬಡ್ಡಿ ಆಡುವಾಗ ಗಮನವೆಲ್ಲ ಎದುರಾಳಿಯ ಕಾಲಿನ ಮೇಲಿತ್ತು, ಮೊಣಕಾಲಿನ ಸಾಲು ಒಣಗಿತ್ತು. ಅಜ್ಜಿಯ "ಅಯ್ಯೋ" ಮಡೆ ತಿರುಗಿಸಿತು.

ಆಸ್ಪತ್ರೆಯ ಬಾಗಿಲಲ್ಲಿ ಮಗು ಮಾಡುತ್ತಿರುವುದೂ ಇದನ್ನೇ. ಗಮನವೆಲ್ಲ ಒಂದೇ ಸಾಲಿಗೆ ಹರಿದಿದೆ, ಅಲ್ಲಿ ಸೂಜಿಯ ಸ್ಪಷ್ಟ ಚಿತ್ರವಿದೆ, ಸುತ್ತಲಿನ ಮಾತು ಕೇಳಿಸುತ್ತಿಲ್ಲ, ದೇಹ ಚಿತ್ರಕ್ಕೆ ತಕ್ಕಂತೆ ನಡೆಯುತ್ತಿದೆ. ಸಮ್ಮೋಹನದಲ್ಲಿ ಆಗುವುದೂ ಇಷ್ಟೇ: ಗಮನ ಕಿರಿದಾಗುತ್ತದೆ, ಚಿತ್ರ ಗಾಢವಾಗುತ್ತದೆ, ದೇಹ ಹಿಂಬಾಲಿಸುತ್ತದೆ. ಅಂದರೆ ಆತಂಕದ ಮಗುವಿಗೆ ಸಮ್ಮೋಹನ ಹೊಸದಾಗಿ ಕಲಿಸಬೇಕಾದ ವಿದ್ಯೆಯೇ ಅಲ್ಲ. ಅದರಲ್ಲಿ ಅದು ಆಗಲೇ ಪಳಗಿದೆ, ತನಗೇ ಮುಳುವಾಗುವ ದಿಕ್ಕಿನಲ್ಲಿ. ವೈದ್ಯರು ಮಾಡುವುದು ಅದೇ ಸಾಮರ್ಥ್ಯವನ್ನು ಬೇರೆ ಕಡೆಗೆ ತಿರುಗಿಸುವ ಕೆಲಸ.

ಮಿದುಳಿನಲ್ಲಿ ಇದರ ಗುರುತು ಸಿಕ್ಕಿದೆ. 1997ರಲ್ಲಿ ಮಾಂಟ್ರಿಯಲ್‌ನಲ್ಲಿ ಪಿಯೆರ್ ರೆನ್ವಿಲ್ ಮತ್ತು ಸಂಗಡಿಗರು ಸಮ್ಮೋಹನದಲ್ಲಿದ್ದ ವಯಸ್ಕರ ಕೈಯನ್ನು ನೋವಾಗುವಷ್ಟು ಬಿಸಿನೀರಿನಲ್ಲಿ ಇರಿಸಿ, ಮಿದುಳಿನ ಚಿತ್ರ ತೆಗೆದರು. ನೀರಿನ ಬಿಸಿ ಬದಲಾಗಲಿಲ್ಲ, ಸೂಚನೆ ಮಾತ್ರ ಬದಲಾಯಿತು. ಒಮ್ಮೆ ಈ ನೋವು ಹೆಚ್ಚು ಅಸಹನೀಯ ಎಂಬ ಸೂಚನೆ, ಇನ್ನೊಮ್ಮೆ ಸಹಿಸುವಂಥದ್ದು ಎಂಬ ಸೂಚನೆ. ಚರ್ಮದಿಂದ ಬರುವ ಸುದ್ದಿಯನ್ನು ಪಡೆಯುವ ಭಾಗ ಎರಡೂ ಸಲ ಸುಮಾರಾಗಿ ಒಂದೇ ರೀತಿ ಇತ್ತು. ನೋವು ಎಷ್ಟು ಕಾಡುತ್ತದೆ ಎಂಬುದಕ್ಕೆ ಸಂಬಂಧಿಸಿದ ಸಿಂಗ್ಯುಲೇಟ್ ಎಂಬ ಭಾಗದ ಚಟುವಟಿಕೆ ಮಾತ್ರ ಸೂಚನೆಗೆ ತಕ್ಕಂತೆ ಏರಿತು, ಇಳಿಯಿತು. ಸುದ್ದಿ ಬಂದೇ ಬರುತ್ತದೆ, ಅದಕ್ಕೆ ಎಷ್ಟು ಗಾಬರಿಯಾಗಬೇಕು ಎಂಬುದನ್ನು ಮಾತು ಬದಲಿಸಬಲ್ಲದು.

ಗುಮ್ಮನನ್ನು ಕರೆಯುವವರು

ಇಷ್ಟು ಗೊತ್ತಾದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಸಮ್ಮೋಹನದ ಬಗ್ಗೆ ಎರಡು ಮಾತು ಆಡಲೇಬೇಕು. ಊಟ ಮಾಡದ ಮಗುವಿಗೆ "ಡಾಕ್ಟರ್ ಹತ್ರ ಕರ್ಕೊಂಡೋಗಿ ಸೂಜಿ ಹಾಕಿಸ್ತೀನಿ ನೋಡು" ಎನ್ನುತ್ತೇವೆ. ನಿದ್ದೆ ಮಾಡದ ಮಗುವಿಗೆ ಗುಮ್ಮನನ್ನು ಕರೆಯುತ್ತೇವೆ. ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ಅಮ್ಮನನ್ನು ಬೇಡುವ ಪುರಂದರದಾಸರ ಕೀರ್ತನೆ ಇರುವ ನಾಡು ಇದು, ಅಷ್ಟು ಹಳೆಯ ಚಾಳಿ. ಸ್ವಲ್ಪ ಯೋಚಿಸಿ: ಮಗು ನಂಬುವ ವ್ಯಕ್ತಿ, ನಿದ್ದೆಯ ಅಂಚಿನ ಹೊತ್ತು, ಗಂಭೀರ ದನಿ, ಸ್ಪಷ್ಟ ಚಿತ್ರ, ಪದೇ ಪದೇ ಅದೇ ಮಾತು. ಪಳಗಿದ ಸಮ್ಮೋಹನಕಾರನಿಗೂ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದಿಲ್ಲ.

ಸಮಾಧಾನದ ಮಾತೂ ಕೆಲವೊಮ್ಮೆ ಎಡವಟ್ಟು. "ನೋವಾಗಲ್ಲ ಪುಟ್ಟಾ, ಹೆದರಬೇಡ" ಎಂದಾಗ ಮಗುವಿನ ಕಿವಿಗೆ ಬೀಳುವುದು ನೋವು ಮತ್ತು ಹೆದರಿಕೆ. ಅಮೆರಿಕದ ವೈದ್ಯೆ ಎಲ್ವಿರಾ ಲ್ಯಾಂಗ್ ಮತ್ತು ಸಂಗಡಿಗರು ವಯಸ್ಕ ರೋಗಿಗಳ ಮೇಲೆ ಮಾಡಿದ ಚಿಕಿತ್ಸೆಗಳ ವಿಡಿಯೊಗಳನ್ನು ಕೂತು ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಚುಚ್ಚುತ್ತದೆ, ಉರಿಯುತ್ತದೆ ಎಂದು ಮುನ್ನೆಚ್ಚರಿಕೆ ಕೊಟ್ಟಾಗ ರೋಗಿಗಳಿಗೆ ನೋವು ಹೆಚ್ಚೇ ಆಗಿತ್ತು. ಹಾಗೆಂದು ಮಗುವಿಗೆ ಸುಳ್ಳು ಹೇಳಬೇಕಾಗಿಲ್ಲ. "ಇಲ್ಲಿ ತಣ್ಣಗಾಗುತ್ತೆ, ಆಮೇಲೆ ಒಂದು ಒತ್ತು, ಅಷ್ಟರಲ್ಲಿ ನೀನು ಐದು ಸಲ ಊದು" ಎನ್ನುವುದೂ ನಿಜವೇ.

ಬೆಚ್ಚಿದ ಮಗುವಿಗೆ ದೃಷ್ಟಿ ನಿವಾಳಿಸುವುದು, ಅಂತ್ರ ಕಟ್ಟಿಸುವುದು ಕೂಡ ಒಂದು ಮಟ್ಟಿಗೆ ಇದೇ ಬಲದಿಂದ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಧೈರ್ಯ ಕೊರಳಿನ ತಾಯತದಲ್ಲಿ ಉಳಿಯುತ್ತದೆ. ದಾರ ಹರಿದ ದಿನ ಹೆದರಿಕೆ ವಾಪಸ್ಸು.

ಕಣ್ಣು ಮುಚ್ಚಬೇಕಾಗಿಲ್ಲ

ಮಣ್ಣನ್ನೇ ಅನ್ನವೆಂದು ಬಡಿಸಿ, ಅದನ್ನು ಉಂಡ ಹಾಗೆ ಮಾಡಿ ತೇಗುವ ವಯಸ್ಸಿಗೆ ಸಮ್ಮೋಹನ ಬಹಳ ಸಲೀಸು. ಸೂಚನೆಗೆ ಸ್ಪಂದಿಸುವ ಗುಣವನ್ನು ಅಳೆಯುವ ಪರೀಕ್ಷೆಗಳಲ್ಲಿ ಸುಮಾರು 8ರಿಂದ 12 ವರ್ಷದವರು ಎಲ್ಲರಿಗಿಂತ ಮುಂದೆ. ಸಣ್ಣವರಿಗೆ ಕಣ್ಣು ಮುಚ್ಚು ಎಂದರೆ ಮಲಗಲು ಹೇಳಿದರೇನೋ ಎಂದು ಎದ್ದು ಓಡುತ್ತಾರೆ. ಅದಕ್ಕೇ ಅವರ ಸಮ್ಮೋಹನ ಕಣ್ಣು ತೆರೆದೇ, ಮೈಯಾಡಿಸುತ್ತಲೇ ನಡೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಯಾರೋ ಕತೆ ಹೇಳುತ್ತಿದ್ದಾರೆ ಅನ್ನಿಸಬೇಕು, ಅಷ್ಟೇ.

ಮೊದಲ ಭೇಟಿಯ ಬಹುಪಾಲು ಹರಟೆಗೆ ಹೋಗುತ್ತದೆ. ನಿನಗೆ ಏನಿಷ್ಟ, ಯಾವ ಜಾಗ ಇಷ್ಟ, ನಾಯಿ ಇಷ್ಟವೋ ಕ್ರಿಕೆಟ್ಟೋ. ಚಿಕಿತ್ಸೆಯ ಚಿತ್ರಗಳೆಲ್ಲ ಮಗುವಿನ ಈ ಉತ್ತರಗಳಿಂದಲೇ ಬರಬೇಕು. ನೀರಿಗೆ ಹೆದರುವ ಮಗುವಿಗೆ ಸಮುದ್ರತೀರದ ಶಾಂತಿಯನ್ನು ಬಣ್ಣಿಸಿದರೆ ಇದ್ದ ಹೆದರಿಕೆಯೂ ಇಮ್ಮಡಿಯಾದೀತು. ಆಮೇಲೆ ಗಮನ ಕಿರಿದಾಗಿಸುವ ಒಂದು ಉಪಾಯ. ಹೆಬ್ಬೆರಳಿನ ಉಗುರಿನ ಮೇಲೆ ನಗುಮುಖ ಬರೆದು, ಆ ಬೆರಳಿನ ತುದಿಯಲ್ಲಿ ನಾಣ್ಯ ಹಿಡಿದು ನೋಡುತ್ತಿರಲು ಹೇಳುತ್ತಾರೆ. ಬೆರಳು ದಣಿದು ನಾಣ್ಯ ಬಿದ್ದಾಗ ಮೈ ಸಡಿಲಬಿಟ್ಟು ಇಷ್ಟದ ಜಾಗಕ್ಕೆ ಹೋಗಬಹುದು. ಅಜ್ಜಿ ಊರಿನ ಹಿತ್ತಲಿರಬಹುದು, ಚಿನ್ನಸ್ವಾಮಿ ಕ್ರೀಡಾಂಗಣವಿರಬಹುದು. ಅಲ್ಲಿ ಏನು ಕಾಣುತ್ತದೆ, ಏನು ವಾಸನೆ, ಯಾರ ದನಿ ಎಂದು ಕೇಳುತ್ತ ಚಿತ್ರವನ್ನು ಗಟ್ಟಿಮಾಡುತ್ತಾರೆ. ಚಿತ್ರ ಗಟ್ಟಿಯಾದ ಮೇಲೆ ಸೂಚನೆ. ಸೂಜಿಗೆ ಹೆದರುವವರಿಗೆ ಕೆನಡಾದ ಮನೋವಿಜ್ಞಾನಿ ಲಿಯೋರಾ ಕಟ್ನರ್ ಪ್ರಚಾರಕ್ಕೆ ತಂದ ಮಾಯಾ ಕೈಗವಸು ಇದೆ. ಕಾಣದ ಗವಸನ್ನು ಒಂದೊಂದೇ ಬೆರಳಿಗೆ ನಿಧಾನವಾಗಿ ತೊಡಿಸಿ, ಇನ್ನು ಈ ಕೈಗೆ ಒತ್ತು ತಿಳಿಯುತ್ತದೆ, ಕಾಟ ತಿಳಿಯುವುದಿಲ್ಲ ಎನ್ನುತ್ತಾರೆ.

ಕೊನೆಯ ಹಂತವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಮಗು ಇದನ್ನು ಮನೆಯಲ್ಲಿ ತಾನೇ ಮಾಡಲು ಕಲಿಯುತ್ತದೆ. ಇದು ಸ್ವಸಮ್ಮೋಹನ. ಅಮೆರಿಕದ ಮಕ್ಕಳ ವೈದ್ಯೆ ಕ್ಯಾರನ್ ಓಲ್ನೆಸ್ 1970ರ ದಶಕದಿಂದ, ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳಿಂದ ಹಿಡಿದು ಅನೇಕರಿಗೆ ಕಲಿಸಿದ್ದು ಇದನ್ನೇ. ವೈದ್ಯರ ಶಕ್ತಿಯಿಂದ ಗುಣವಾಯಿತು ಎಂದು ಮಗು ನಂಬಿಕೊಂಡರೆ ಚಿಕಿತ್ಸೆ ಅರ್ಧ ಸೋತ ಹಾಗೆ.

ಲೆಕ್ಕ ಏನು ಹೇಳುತ್ತದೆ

ಫ್ರಾನ್ಸಿನ ರೆನ್ ನಗರದ ಅರಿವಳಿಕೆ ವೈದ್ಯರು 2005ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಶಸ್ತ್ರಚಿಕಿತ್ಸೆಗೆ ಬಂದ 2ರಿಂದ 11 ವರ್ಷದ 50 ಮಕ್ಕಳಲ್ಲಿ ಕೆಲವರಿಗೆ ಆತಂಕ ತಗ್ಗಿಸುವ ಮಿಡಜೋಲಮ್ ಔಷಧ, ಉಳಿದವರಿಗೆ ಸಮ್ಮೋಹನ. ಅರಿವಳಿಕೆಯ ಮಾಸ್ಕ್ ಮುಖಕ್ಕೆ ಹಿಡಿದಾಗ ಔಷಧ ಪಡೆದವರಲ್ಲಿ 68 ಶೇಕಡ ಮಕ್ಕಳು ಗಾಬರಿಯಾಗಿದ್ದರು, ಸಮ್ಮೋಹನದ ಗುಂಪಿನಲ್ಲಿ 39 ಶೇಕಡ. ಅದಕ್ಕಿಂತ ಕುತೂಹಲದ್ದು ಮನೆಗೆ ಹೋದ ಮೇಲಿನ ಸಂಗತಿ. ಶಸ್ತ್ರಚಿಕಿತ್ಸೆಯ ನಂತರ ಮಕ್ಕಳ ನಡವಳಿಕೆ ಕೆಡುವುದು ಸಾಮಾನ್ಯ. ಒಂದು ವಾರದ ಬಳಿಕ ಔಷಧದ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಆ ತೊಂದರೆ ಕಂಡಿತು, ಸಮ್ಮೋಹನದ ಗುಂಪಿನಲ್ಲಿ ಸುಮಾರು ಕಾಲುಭಾಗದಲ್ಲಿ.

ಹೆದರಿಕೆ ತಗ್ಗಿಸಿದರೆ ನಡವಳಿಕೆ ಸುಧಾರಿಸಿದ್ದು ಯಾಕೆ? ಅಪಾಯ ಎಂದು ಎಚ್ಚೆತ್ತ ದೇಹಕ್ಕೆ ಗೊತ್ತಿರುವುದು ಓಡುವುದು, ಕಾದಾಡುವುದು, ಮರಗಟ್ಟಿ ನಿಲ್ಲುವುದು. ಶಾಲೆಯ ಗೇಟಿನಿಂದ ತಿರುಗಿ ಓಡುವ ಹುಡುಗ, ಪಕ್ಕದವನಿಗೆ ಬಾರಿಸುವ ಹುಡುಗಿ, ಪ್ರಶ್ನೆ ಕೇಳಿದರೆ ಬಾಯಿಬಿಡದ ಮಗು, ಮೂವರನ್ನೂ ನಾವು ಬೇರೆ ಬೇರೆ ಹೆಸರಿಂದ ಬೈಯುತ್ತೇವೆ. ಕೆಲವರ ಮಟ್ಟಿಗಾದರೂ ಮೂವರದ್ದೂ ಒಂದೇ ಭಯ.

ಸ್ಟ್ಯಾನ್‌ಫರ್ಡ್‌ನಲ್ಲಿ ಮೂತ್ರಕೋಶಕ್ಕೆ ನಳಿಗೆ ಹಾಕಿ ಎಕ್ಸ್‌ರೇ ತೆಗೆಯಬೇಕಾಗಿದ್ದ, ಹಿಂದೊಮ್ಮೆ ಅದೇ ಪರೀಕ್ಷೆಯಲ್ಲಿ ತುಂಬ ನರಳಿದ್ದ 44 ಮಕ್ಕಳ ಮೇಲೆ ನಡೆದ ಪ್ರಯೋಗವೂ ಅದೇ ವರ್ಷದ್ದು. ಸ್ವಸಮ್ಮೋಹನ ಕಲಿತ ಮಕ್ಕಳು ಕಡಿಮೆ ನರಳಿದರು, ಪರೀಕ್ಷೆಯ ಸಮಯ ಸುಮಾರು 14 ನಿಮಿಷ ಕಡಿಮೆಯಾಯಿತು. ಹೊಟ್ಟೆನೋವಿನ ವಿಷಯದಲ್ಲಿ ನೆದರ್ಲೆಂಡ್ಸಿನ ಆರೀನ್ ವ್ಲೀಗರ್ ತಂಡ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಹೆಸರುವಾಸಿ. ಕಾರಣ ಸಿಗದೆ ಮತ್ತೆ ಮತ್ತೆ ಕಾಡುವ ಹೊಟ್ಟೆನೋವಿನ 53 ಮಕ್ಕಳಲ್ಲಿ, ಮೂರು ತಿಂಗಳಲ್ಲಿ ಆರು ಸಲ ಸಮ್ಮೋಹನ ಪಡೆದವರಲ್ಲಿ ಒಂದು ವರ್ಷದ ನಂತರ 85 ಶೇಕಡ ನೋವಿನಿಂದ ಬಿಡುಗಡೆ ಹೊಂದಿದ್ದರು, ಮಾಮೂಲು ಚಿಕಿತ್ಸೆಯವರಲ್ಲಿ 25 ಶೇಕಡ. ಮುಂದೆ 260 ಮಕ್ಕಳಲ್ಲಿ, ಮನೆಯಲ್ಲೇ ಸಿಡಿ ಕೇಳಿ ಅಭ್ಯಾಸ ಮಾಡಿದವರಿಗೂ ಥೆರಪಿಸ್ಟ್ ಬಳಿ ಹೋದವರಿಗೆ ಸಿಕ್ಕಿದ ಬಹುಪಾಲು ಅಷ್ಟೇ ಫಲ ಸಿಕ್ಕಿತೆಂದು 2017ರಲ್ಲಿ ತೋರಿಸಿದರು.

ಎಲ್ಲಿ ಬೇಡ

ಈ ಪ್ರಯೋಗಗಳು ಬಹುತೇಕ ಸಣ್ಣವು. ಯಾರಿಗೆ ಯಾವ ಚಿಕಿತ್ಸೆ ಎಂದು ಮಗುವಿಗಾಗಲಿ ವೈದ್ಯರಿಗಾಗಲಿ ಗೊತ್ತಾಗದಂತೆ ಮಾಡುವುದೂ ಇಲ್ಲಿ ಕಷ್ಟ. ಸೂಜಿ, ಶಸ್ತ್ರಚಿಕಿತ್ಸೆ, ಹೊಟ್ಟೆನೋವುಗಳಲ್ಲಿ ಪುರಾವೆ ಚೆನ್ನಾಗಿದೆ. ದಿನವಿಡೀ ಕಾಡುವ, ತಿಂಗಳುಗಟ್ಟಲೆ ಬಿಡದ ಆತಂಕದ ಕಾಯಿಲೆಗೆ ಮಾತ್ರ ಸಮ್ಮೋಹನವೊಂದನ್ನೇ ನೆಚ್ಚಿಕೊಳ್ಳಬಾರದು. ಅಲ್ಲಿ ಮೊದಲ ಆಯ್ಕೆ, ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಕಲಿಸುವ ಅರಿವು-ನಡವಳಿಕೆ ಚಿಕಿತ್ಸೆ, ವೈದ್ಯರ ಮಾತಿನಲ್ಲಿ ಸಿಬಿಟಿ. 2008ರಲ್ಲಿ ಅಮೆರಿಕದ 488 ಮಕ್ಕಳ ಮೇಲಿನ ಅಧ್ಯಯನದಲ್ಲಿ ಅದರಿಂದ 60 ಶೇಕಡ ಮಕ್ಕಳು ಗಣನೀಯವಾಗಿ ಸುಧಾರಿಸಿದರು, ಹುಸಿಮಾತ್ರೆ ಪಡೆದವರಲ್ಲಿ 24 ಶೇಕಡ. ಸಮ್ಮೋಹನ ಇದರ ಜೊತೆಗೆ ನಡೆಯಬಹುದು, ಇದರ ಜಾಗಕ್ಕೆ ಬರಲಾರದು. ಗಮನದ ಕೊರತೆಯ ಎಡಿಎಚ್‌ಡಿಗಾಗಲಿ, ಆಟಿಸಮ್‌ಗಾಗಲಿ ಇದೇ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆದರಿಕೆಯ ಮೂಲ ಶಾಲೆಯಲ್ಲಿ ಹೊಡೆಯುವ ಮೇಷ್ಟ್ರೋ, ಮನೆಯ ಜಗಳವೋ, ಯಾರದೋ ಕೆಟ್ಟ ಕೈಯೋ ಆಗಿದ್ದರೆ ಬದಲಾಗಬೇಕಾದದ್ದು ಮಗುವಿನ ಮನಸ್ಸಿನ ಚಿತ್ರವಲ್ಲ.

ಇನ್ನೊಂದು ಎಚ್ಚರಿಕೆಯನ್ನು ನಾನು ಒತ್ತಿ ಹೇಳುತ್ತೇನೆ. ಸಮ್ಮೋಹನದಿಂದ ಮಗುವಿನ ಮರೆತ ನೆನಪನ್ನು, ಹೋದ ಜನ್ಮವನ್ನು ಹೊರತೆಗೆಯುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಕಲ್ಪನೆಯನ್ನು ಗಾಢಗೊಳಿಸುವ ವಿಧಾನ ನೆನಪನ್ನು ಶುದ್ಧಗೊಳಿಸುವುದಿಲ್ಲ, ಇಲ್ಲದ್ದನ್ನು ಹುಟ್ಟಿಸಿ, ಅದೇ ನಿಜವೆಂಬ ಗಟ್ಟಿ ನಂಬಿಕೆಯನ್ನೂ ಕೂಡಿಸುತ್ತದೆ. ಹೀಗೆ ಹೊರಬಂದ ನೆನಪು ನಂಬಲರ್ಹವಲ್ಲವೆಂದು ಅಮೆರಿಕದ ವೈದ್ಯಕೀಯ ಸಂಘ 1985ರಲ್ಲೇ ಹೇಳಿದೆ. ಪ್ರಶ್ನೆ ಕೇಳುವವರು ಬಯಸುವ ಉತ್ತರವನ್ನು ಊಹಿಸುವುದರಲ್ಲಿ ಮಕ್ಕಳು ನಮಗಿಂತ ಚುರುಕು.

ಕೆಲವೇ ದಿನಗಳ ಕೋರ್ಸ್ ಮುಗಿಸಿ ಹಿಪ್ನೋಥೆರಪಿಸ್ಟ್ ಎಂದು ಬೋರ್ಡ್ ಹಾಕಿಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ದೇಹದ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಆ ಥೆರಪಿಸ್ಟ್ ಮನೋವೈದ್ಯರೇ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟರೇ ಎಂದು ಕೇಳಿ. ಈ ವೃತ್ತಿಯಲ್ಲೇ ಹಳೆಯದೊಂದು ನಿಯಮವಿದೆ: ಸಮ್ಮೋಹನವಿಲ್ಲದೆ ಯಾವ ತೊಂದರೆಗೆ ಚಿಕಿತ್ಸೆ ಕೊಡಲು ನಿಮಗೆ ಅರ್ಹತೆಯಿಲ್ಲವೋ, ಸಮ್ಮೋಹನದಿಂದಲೂ ಅದಕ್ಕೆ ಕೈಹಾಕಬೇಡಿ. ಆ ಅರ್ಹತೆ ಇಲ್ಲವೆಂದು ಗೊತ್ತಾದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಯಾರ ಬಳಿ ಹೋಗಬೇಕೆಂದೇ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಈ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.